ಗ್ರೀನ್‌ಲ್ಯಾಂಡಿನ ಊಟ, ಕೂದಲಿಗಿಂತ ಸಣ್ಣ ರಕ್ತನಾಳ: ಆಗಸ್ಟ್ ಕ್ರೋಗ್ ಅವರ ಬದುಕು

1908ರಲ್ಲಿ ಡೆನ್ಮಾರ್ಕಿನ ದಂಪತಿ ಹಡಗು ಹತ್ತಿ ಗ್ರೀನ್‌ಲ್ಯಾಂಡಿಗೆ ಹೊರಟರು. ಗಂಡ ಪ್ರಾಣಿಶಾಸ್ತ್ರಜ್ಞ, ಹೆಂಡತಿ ವೈದ್ಯೆ. ಅವರು ಹೋದದ್ದು ಹಿಮ ನೋಡಲಿಕ್ಕಲ್ಲ. ಅನ್ನವಿಲ್ಲ, ರೊಟ್ಟಿಯಿಲ್ಲ, ತರಕಾರಿ ಎಂಬುದು ಇಲ್ಲವೇ ಇಲ್ಲ ಎನ್ನುವಂಥ ಊರಿನಲ್ಲಿ ಸೀಲ್ ಮಾಂಸ, ಅದರ ಕೊಬ್ಬು ಮತ್ತು ಮೀನು ತಿಂದುಕೊಂಡು ಜನ ಹೇಗೆ ಗಟ್ಟಿಮುಟ್ಟಾಗಿದ್ದಾರೆ ಎಂಬುದನ್ನು ತೂಕ ಹಾಕಿ ನೋಡಬೇಕಿತ್ತು. ಆ ಗಂಡ ಆಗಸ್ಟ್ ಕ್ರೋಗ್, ಹೆಂಡತಿ ಮೇರಿ.

ಕ್ರೋಗ್ ಹುಟ್ಟಿದ್ದು 1874ರ ನವೆಂಬರ್ 15ರಂದು, ಡೆನ್ಮಾರ್ಕಿನ ಕಡಲತೀರದ ಗ್ರೆನೋ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಹಡಗು ಕಟ್ಟುವವರು. ಹುಡುಗನಿಗೆ ಕಡಲು, ಹುಳುಹುಪ್ಪಟೆ ಎಂದರೆ ಪ್ರಾಣ. ಕೋಪನ್‌ಹೇಗನ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯಕ್ಕೆ ಸೇರಿ ಅದನ್ನು ಬಿಟ್ಟು ಪ್ರಾಣಿಶಾಸ್ತ್ರಕ್ಕೆ ಬಂದರು. 1897ರಿಂದ ಕ್ರಿಸ್ಟಿಯನ್ ಬೋರ್ ಅವರ ಪ್ರಯೋಗಾಲಯದಲ್ಲಿ ಕೆಲಸ. ಪರಮಾಣು ವಿಜ್ಞಾನದಿಂದ ಮುಂದೆ ಹೆಸರಾದ ನೀಲ್ಸ್ ಬೋರ್ ಈ ಕ್ರಿಸ್ಟಿಯನ್ ಬೋರ್ ಅವರ ಮಗ.

1905ರಲ್ಲಿ ಮೇರಿ ಯೋರ್ಗೆನ್ಸನ್ ಅವರೊಂದಿಗೆ ಮದುವೆ. ಆಗ ಆಕೆ ವೈದ್ಯಕೀಯ ವಿದ್ಯಾರ್ಥಿನಿ. ಅಲ್ಲಿಂದ ಮುಂದೆ ಕ್ರೋಗ್ ಮಾಡಿದ ದೊಡ್ಡ ಕೆಲಸಗಳಲ್ಲಿ ಎಲ್ಲಿ ಗಂಡನ ಕೈ ಮುಗಿಯಿತು, ಎಲ್ಲಿ ಹೆಂಡತಿಯ ಕೈ ಶುರುವಾಯಿತು ಎಂದು ಬೇರೆ ಮಾಡುವುದು ಕಷ್ಟ. ಹೆಸರು ಹೆಚ್ಚು ಬಂದದ್ದು ಗಂಡನಿಗೆ.

ಗ್ರೀನ್‌ಲ್ಯಾಂಡ್ ಕ್ರೋಗ್‌ಗೆ ಹೊಸದಲ್ಲ. 1902ರಲ್ಲೇ ಅಲ್ಲಿಗೆ ಹೋಗಿ ಕಡಲ ನೀರಿನಲ್ಲಿ ಕರಗಿದ ಅನಿಲಗಳನ್ನು ಅಳೆದು ಬಂದಿದ್ದರು. ಈ ಸಲ ಡಿಸ್ಕೊ ದ್ವೀಪದಲ್ಲಿ ದಂಪತಿ ಮುಚ್ಚಿದ ಕೋಣೆಯೊಂದನ್ನು ಸಜ್ಜುಮಾಡಿದರು. ಎಸ್ಕಿಮೊ ಎಂದು ಆಗ ಕರೆಯುತ್ತಿದ್ದ ಇನುಯಿಟ್ ಜನರಲ್ಲಿ ಕೆಲವರು ದಿನಗಟ್ಟಲೆ ಅದರೊಳಗಿದ್ದರು. ತಿಂದ ಮಾಂಸದ ತೂಕ, ಬಿಟ್ಟ ಉಸಿರು, ಮೂತ್ರ ಎಲ್ಲವೂ ಲೆಕ್ಕಕ್ಕೆ ಬಂತು. ಹಳೆಯ ದಾಖಲೆಗಳನ್ನೂ ಕೂಡಿಸಿ ನೋಡಿದಾಗ, ಒಬ್ಬ ಮನುಷ್ಯನ ದಿನದ ಊಟದಲ್ಲಿ ಸುಮಾರು 280 ಗ್ರಾಂ ಪ್ರೋಟೀನ್, 135 ಗ್ರಾಂ ಕೊಬ್ಬು ಇದ್ದರೆ, ಹಿಟ್ಟು ಸಕ್ಕರೆಯ ಅಂಶ 54 ಗ್ರಾಂ ಮಾತ್ರ. ಅಷ್ಟು ಮಾಂಸವನ್ನು ಆ ದೇಹಗಳು ತೊಂದರೆಯಿಲ್ಲದೆ ಅರಗಿಸಿಕೊಳ್ಳುತ್ತಿದ್ದವು. ಆ ಕೊಬ್ಬು ಎಂಥದ್ದು, ಅದು ರಕ್ತಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಬೇಕಾದ ಉಪಕರಣ ಆ ಕಾಲದಲ್ಲಿ ಯಾರ ಬಳಿಯೂ ಇರಲಿಲ್ಲ.

ಊರಿಗೆ ಬಂದ ಮೇಲೆ ಗುರುವಿನೊಂದಿಗೇ ತಕರಾರು ಎದುರಾಯಿತು. ಶ್ವಾಸಕೋಶ ತಾನಾಗಿ ಆಮ್ಲಜನಕವನ್ನು ರಕ್ತಕ್ಕೆ ಒಸರಿಸುತ್ತದೆ ಎಂದು ಬೋರ್ ನಂಬಿದ್ದರು. ಕ್ರೋಗ್ ದಂಪತಿ ಸಾಸಿವೆಯಂಥ ಗಾಳಿಗುಳ್ಳೆಗಳಲ್ಲಿ ಅನಿಲ ಅಳೆದು ನೋಡಿದರು. ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಗಾಳಿ ಹರಡಿಕೊಳ್ಳುತ್ತದೆ, ಅದಕ್ಕಿಂತ ಬೇರೇನೂ ಇಲ್ಲ ಎಂದು ಕಂಡಿತು. ಅನ್ನ ಕೊಟ್ಟ ಗುರುವಿನ ಮಾತನ್ನು ಅಲ್ಲಗಳೆಯಬೇಕೇ? 1910ರಲ್ಲಿ ಒಟ್ಟಿಗೆ ಏಳು ಲೇಖನಗಳು ಅಚ್ಚಾದವು. ಮನೆಯಲ್ಲಿ ಅವುಗಳಿಗೆ ಏಳು ಮರಿ ದೆವ್ವಗಳು ಎಂದೇ ಹೆಸರು ಬಿದ್ದಿತ್ತು. ಮರುವರ್ಷ ಬೋರ್ ತೀರಿಕೊಂಡರು. ಹಳೆಯ ಸಲಿಗೆ ಮರಳಿ ಬರಲಿಲ್ಲ.

ಶ್ವಾಸಕೋಶದಿಂದ ರಕ್ತಕ್ಕೆ ಬಂದ ಆಮ್ಲಜನಕ ಸ್ನಾಯುವಿನ ಮೂಲೆಮೂಲೆಗೆ ಹೇಗೆ ತಲುಪುತ್ತದೆ? ಕ್ರೋಗ್ ಹಿಡಿದ ಮುಂದಿನ ಎಳೆ ಇದು. ಅಪಧಮನಿಗಳು ಕವಲೊಡೆದು ಕವಲೊಡೆದು ಕೊನೆಗೆ ಕೂದಲಿಗಿಂತ ಎಷ್ಟೋ ಸಣ್ಣದಾದ ಲೋಮನಾಳಗಳಾಗುತ್ತವೆ. ಕೆಂಪು ರಕ್ತಕಣ ಒಂದರ ಹಿಂದೆ ಒಂದು, ಸಾಲಾಗಿ ಮೈ ಮುದುಡಿಕೊಂಡು ಹೋಗುವಷ್ಟೇ ಜಾಗ. ಕೂಲಿಯಾಳು ಮೂಟೆ ಎತ್ತುವಾಗ ಅವನ ಸ್ನಾಯುವಿಗೆ ಬೇಕಾಗುವ ಆಮ್ಲಜನಕ, ಜಗಲಿಯಲ್ಲಿ ಕೂತಾಗಿನದಕ್ಕಿಂತ ಹಲವು ಪಟ್ಟು. ರಕ್ತ ಜೋರಾಗಿ ಹರಿದ ಮಾತ್ರಕ್ಕೆ ಅದು ಪೂರೈಸುವುದಿಲ್ಲ ಎಂದು ಕ್ರೋಗ್ ಲೆಕ್ಕ ಹಾಕಿದರು. ವಿಶ್ರಾಂತಿಯಲ್ಲಿ ಹೆಚ್ಚಿನ ನಾಳಗಳು ಮುಚ್ಚಿದ್ದು, ದುಡಿಮೆಯಲ್ಲಿ ತೆರೆಯುತ್ತಿರಬೇಕು ಎಂದು ಊಹಿಸಿದರು.

ಊಹೆಯನ್ನು ಕಪ್ಪೆ ಮತ್ತು ಗಿನಿ ಇಲಿಗಳಲ್ಲಿ ಪರೀಕ್ಷಿಸಿದರು. ರಕ್ತಕ್ಕೆ ಕಪ್ಪು ಶಾಯಿ ಬಿಟ್ಟು, ಸ್ನಾಯುವಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಎಣಿಸಿದರು. ಸುಮ್ಮನಿದ್ದ ಸ್ನಾಯುವಿನಲ್ಲಿ ಶಾಯಿ ಹೊಕ್ಕ ನಾಳಗಳು ಅಲ್ಲೊಂದು ಇಲ್ಲೊಂದು. ದುಡಿದ ಸ್ನಾಯುವಿನಲ್ಲಿ ಚದರ ಮಿಲಿಮೀಟರಿಗೆ ಸಾವಿರಗಟ್ಟಲೆ. ನಾಲೆಯಲ್ಲಿ ನೀರಿದ್ದರೆ ಸಾಲದು, ಮಡಿಗಳಿಗೆ ಬಾಯಿ ತೆರೆಯಬೇಕು ಎಂಬುದು ತೋಟಕ್ಕೆ ನೀರು ಕಟ್ಟಿದವರಿಗೆಲ್ಲ ಗೊತ್ತು. ಈ ಕೆಲಸಕ್ಕೆ 1920ರ ನೊಬೆಲ್ ಪ್ರಶಸ್ತಿ ಅವರೊಬ್ಬರಿಗೇ ಬಂತು. ಅವರ ಲೆಕ್ಕವನ್ನು ಮುಂದಿನವರು ತಿದ್ದಿದ್ದಾರೆ. ಸುಮ್ಮನಿದ್ದ ಸ್ನಾಯುವಿನಲ್ಲೂ ಬಹುಪಾಲು ಲೋಮನಾಳಗಳಲ್ಲಿ ರಕ್ತ ಹರಿಯುತ್ತಿರುತ್ತದೆ, ಹತೋಟಿ ಹೆಚ್ಚಾಗಿ ಅವುಗಳ ಹಿಂದಿನ ಕಿರು ಅಪಧಮನಿಗಳ ಕೈಯಲ್ಲಿದೆ ಎಂಬುದು ಈಗಿನ ತಿಳುವಳಿಕೆ. ಆದರೂ ಸಣ್ಣ ನಾಳಗಳತ್ತ ಜಗತ್ತು ಕಣ್ಣು ಹಾಯಿಸಿದ್ದು ಕ್ರೋಗ್ ಅವರಿಂದ.

ಪ್ರಶಸ್ತಿಯ ಹಿಂದೆಯೇ ಮನೆಗೆ ಸಂಕಟ ಬಂತು. ಮೇರಿಗೆ ಸಕ್ಕರೆ ಕಾಯಿಲೆ. ಆಗ ಅದಕ್ಕೆ ಊಟ ಕಟ್ಟುವುದು ಬಿಟ್ಟರೆ ಮದ್ದಿರಲಿಲ್ಲ. 1922ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಕ್ಕೆ ಕರೆ ಬಂದಾಗ ಇಬ್ಬರೂ ಹೋದರು. ಕೆನಡಾದ ಟೊರೊಂಟೊದಲ್ಲಿ ಇನ್ಸುಲಿನ್ ಎಂಬ ಹೊಸ ಮದ್ದು ಸಿಕ್ಕಿದೆ ಎಂಬ ಸುದ್ದಿ ಅಲ್ಲಿ ಕಿವಿಗೆ ಬಿತ್ತು. ಹೋಗಿ ನೋಡಿ ಬನ್ನಿ ಎಂದು ಒತ್ತಾಯಿಸಿದ್ದು ಮೇರಿ. ನವೆಂಬರಿನಲ್ಲಿ ಕ್ರೋಗ್ ಟೊರೊಂಟೊಗೆ ಹೋಗಿ, ಸ್ಕ್ಯಾಂಡಿನೇವಿಯದಲ್ಲಿ ಇನ್ಸುಲಿನ್ ತಯಾರಿಸಲು ಅನುಮತಿ ಪಡೆದು ಬಂದರು.

ಮೇರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯ ಹಾನ್ಸ್ ಕ್ರಿಸ್ಟಿಯನ್ ಹಾಗೆಡೋರ್ನ್ ಜೊತೆ ಸೇರಿ ಡಿಸೆಂಬರ್ ಮುಗಿಯುವುದರೊಳಗೆ ದನದ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆದರು. 1923ರಲ್ಲಿ ರೋಗಿಗಳಿಗೆ ಕೊಡಲು ಶುರುವಾಯಿತು. ನಾರ್ಡಿಸ್ಕ್ ಇನ್ಸುಲಿನ್ ಪ್ರಯೋಗಾಲಯ ಹುಟ್ಟಿದ್ದು ಹೀಗೆ. ಅದು 1989ರಲ್ಲಿ ನೋವೊ ಕಂಪನಿಯೊಂದಿಗೆ ಸೇರಿ ನೋವೊ ನಾರ್ಡಿಸ್ಕ್ ಆಯಿತು. ಮೇರಿ 1943ರವರೆಗೆ ಬದುಕಿದರು.

ಇನ್ಸುಲಿನ್ ಬರುವ ಮೊದಲು ಎಳೆಯ ರೋಗಿಗಳು ಬೇಗ ಸಾಯುತ್ತಿದ್ದರು. ಬಂದ ಮೇಲೆ ಹತ್ತಾರು ವರ್ಷ ಬದುಕಿದರು. ಆಗ ಬೇರೆಯೇ ತೊಂದರೆ ತಲೆ ಎತ್ತಿತು. ಕಣ್ಣಿನ ಒಳಪರದೆಯ ಸಣ್ಣ ನಾಳಗಳು ಸೋರತೊಡಗಿದವು, ಮೂತ್ರಪಿಂಡದ ಸಣ್ಣ ನಾಳಗಳು ಕೆಟ್ಟವು. ಕ್ರೋಗ್ ಎಣಿಸಿದ್ದು ಆರೋಗ್ಯದ ನಾಳಗಳನ್ನು. ಅವರೇ ಊರಿಗೆ ತಂದ ಮದ್ದಿನಿಂದ ಉಳಿದ ಜನರಲ್ಲಿ ಅದೇ ಜಾತಿಯ ನಾಳಗಳ ಕಾಯಿಲೆ ಕಾಣಿಸಿಕೊಂಡಿತು.

ಕೊನೆಯ ವರ್ಷಗಳಲ್ಲಿ ಕ್ರೋಗ್ ಮತ್ತೆ ಬಾಲ್ಯದ ಹುಳುಗಳ ಕಡೆಗೆ ಹೋದರು, ಮಿಡತೆಯ ಹಾರಾಟ ಅಳೆದರು. ಜರ್ಮನರು ಡೆನ್ಮಾರ್ಕನ್ನು ಹಿಡಿದಿದ್ದ ಕಾಲದ ಕೊನೆಯ ಭಾಗವನ್ನು ಸ್ವೀಡನ್ನಿನಲ್ಲಿ ಕಳೆದರು. 1949ರ ಸೆಪ್ಟೆಂಬರ್ 13ರಂದು ಕೋಪನ್‌ಹೇಗನ್‌ನಲ್ಲಿ ತೀರಿಕೊಂಡರು. ಮಗಳು ಬೋಡಿಲ್ ಸ್ಮಿತ್ ನೀಲ್ಸನ್ 1975ರಲ್ಲಿ ಅಮೆರಿಕದ ಶರೀರಕ್ರಿಯಾ ವಿಜ್ಞಾನ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ದಂಪತಿ ಗ್ರೀನ್‌ಲ್ಯಾಂಡಿನಲ್ಲಿ ಬಿಟ್ಟು ಬಂದ ಪ್ರಶ್ನೆಯನ್ನು 1970ರಲ್ಲಿ ಇನ್ನಿಬ್ಬರು ಡೇನರು ಎತ್ತಿಕೊಂಡರು. ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡೈಯರ್‌ಬರ್ಗ್ ಇನುಯಿಟ್ ಜನರ ರಕ್ತ ತಂದು ಪರೀಕ್ಷಿಸಿದರು. ಅದರಲ್ಲಿ ಒಮೆಗಾ 3 ಎಂಬ ಕೊಬ್ಬು ಹೇರಳವಾಗಿತ್ತು. ಸೀಲ್‌ಗೆ ಅದು ಬಂದದ್ದು ಮೀನಿನಿಂದ. ಮಂಜೇಶ್ವರ, ಕಾಸರಗೋಡಿನ ಮನೆಗಳಲ್ಲಿ ಬೂತಾಯಿ ಎಂದೂ ಮತ್ತಿ ಎಂದೂ ಕರೆಯುವ ಅಗ್ಗದ ಮೀನಿನಲ್ಲೂ ಇರುವುದು ಇದೇ ಎಣ್ಣೆ. ಗಾಯವಾದಾಗ ಡೇನರಲ್ಲಿ ಸುಮಾರು 5 ನಿಮಿಷಕ್ಕೆ ನಿಲ್ಲುವ ರಕ್ತ ಇನುಯಿಟ್ ಜನರಲ್ಲಿ ನಿಲ್ಲಲು ಸುಮಾರು 8 ನಿಮಿಷ ಬೇಕಿತ್ತು. ರಕ್ತ ಬೇಗ ಹೆಪ್ಪುಗಟ್ಟದಿದ್ದರೆ ಹೃದಯಕ್ಕೆ ಒಳ್ಳೆಯದು ಎಂಬ ಮಾತು ಹಬ್ಬಿ, ಮೀನೆಣ್ಣೆ ಮಾತ್ರೆಗಳ ವ್ಯಾಪಾರವೇ ಬೆಳೆಯಿತು.

ಅಳತೆ ಮುಗಿದಿರಲಿಲ್ಲ. ಬಾಂಗ್ ಮತ್ತು ಡೈಯರ್‌ಬರ್ಗ್ ಇನುಯಿಟ್ ಜನರಲ್ಲಿ ಹೃದ್ರೋಗ ಎಷ್ಟಿದೆ ಎಂಬುದನ್ನು ತಾವೇ ಪರೀಕ್ಷಿಸಿರಲಿಲ್ಲ ಎಂದು 2014ರ ವಿಮರ್ಶೆಯೊಂದು ತೋರಿಸಿತು. 2018ರಲ್ಲಿ ಬ್ರಿಟನ್ನಿನಲ್ಲಿ 15,480 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದ ಪ್ರಯೋಗದ ಫಲ ಬಂತು. ದಿನಕ್ಕೆ 1 ಗ್ರಾಂ ಮೀನೆಣ್ಣೆ ಮಾತ್ರೆ ತಿಂದವರಿಗೂ ತಿನ್ನದವರಿಗೂ ಹೃದಯಾಘಾತ, ಪಾರ್ಶ್ವವಾಯುವಿನಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಸಣ್ಣ ನಾಳಗಳ ಕತೆ ಸ್ವಲ್ಪ ಬೇರೆ. ಸ್ಪೇನ್ ದೇಶದಲ್ಲಿ ಸಕ್ಕರೆ ಕಾಯಿಲೆಯವರನ್ನು ವರ್ಷಗಟ್ಟಲೆ ಗಮನಿಸಿ 2016ರಲ್ಲಿ ಪ್ರಕಟಿಸಿದ ವರದಿಯಂತೆ, ಊಟದಲ್ಲೇ ದಿನಕ್ಕೆ 500 ಮಿಲಿಗ್ರಾಂ ಮೀನಿನ ಒಮೆಗಾ 3 ಸಿಗುತ್ತಿದ್ದವರಲ್ಲಿ ದೃಷ್ಟಿ ಕಳೆಯುವಂಥ ಕಣ್ಣುಪರದೆಯ ತೊಂದರೆ ಹೆಚ್ಚುಕಡಿಮೆ ಅರ್ಧದಷ್ಟಿತ್ತು. ಅದಕ್ಕೆ ಮೀನೇ ಕಾರಣವೋ, ಮೀನು ತಿನ್ನುವವರ ಬೇರೆ ರೂಢಿಗಳೋ ಎಂಬುದನ್ನು ಆ ವರದಿಯೊಂದರಿಂದ ತೀರ್ಮಾನಿಸಲು ಬರುವುದಿಲ್ಲ.