ಸರ್ ಆಶುತೋಷ ಮುಖರ್ಜಿ

ಮೂರು ವರ್ಷಗಳ ಹಿಂದೆ ನಮ್ಮ ಕಾಲೇಜಿನಲ್ಲಿ ಎಂ.ಎ. ತರಗತಿಯನ್ನು ತೆರೆಯುವ ಮಾತು ಎದ್ದಿತು. ಪರಿಶೀಲನೆಗೆ ಬಂದ ಮಹನೀಯರು ಕೊಠಡಿಗಳನ್ನು ಎಣಿಸಿದರು, ಬೀರುಗಳನ್ನು ತೆರೆಸಿ ಪುಸ್ತಕಗಳನ್ನು ಎಣಿಸಿದರು, ಕಾಫಿ ಕುಡಿದು ಹೊರಟರು. ಪಾಠ ಹೇಳುವವನಿಗೆ ಪಠ್ಯಕ್ರಮದಲ್ಲಿ ಮಾತುಂಟೇ ಎಂದು ಅವರು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಆ ನಾಚಿಕೆಯಲ್ಲೇ ಸರ್ ಆಶುತೋಷ ಮುಖರ್ಜಿಯವರ ಜೀವನವನ್ನು ಓದತೊಡಗಿದೆ. ಬಂಗಾಳದ ಹುಲಿ ಎಂಬ ಅವರ ಬಿರುದನ್ನು ನಮ್ಮ ವಿದ್ಯಾರ್ಥಿಗಳು ಕೇಳಿರಬಹುದು. ಆ ಹುಲಿ ತನ್ನ ಆಯುಷ್ಯದ ಬಹುಭಾಗವನ್ನು ಸಮಿತಿಗಳ ಸಭೆಗಳಲ್ಲಿ ಕಳೆಯಿತೆಂಬುದನ್ನು ಬಹಳ ಮಂದಿ ಕೇಳಿರಲಾರರು.

ಅವರು ಹುಟ್ಟಿದ್ದು 1864ರ ಜೂನ್ 29ರಂದು, ಕಲ್ಕತ್ತೆಯಲ್ಲಿ. ತಂದೆ ಗಂಗಾಪ್ರಸಾದರು ವೈದ್ಯರು. ಹುಡುಗನಿಗೆ ಗಣಿತದ ಹುಚ್ಚು. ಕಾಲೇಜಿಗೆ ಕಾಲಿಟ್ಟ ಹೊಸದರಲ್ಲೇ ಯೂಕ್ಲಿಡನ ಪ್ರಮೇಯವೊಂದಕ್ಕೆ ಹೊಸ ಸಾಧನೆಯನ್ನು ಬರೆದು ಇಂಗ್ಲೆಂಡಿನ ಗಣಿತಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಗಣಿತದಲ್ಲಿ ಎಂ.ಎ. ಆಯಿತು, ಮರುವರ್ಷ ವಿಜ್ಞಾನದಲ್ಲಿ ಇನ್ನೊಂದು ಎಂ.ಎ. ಆಯಿತು, ಪ್ರೇಮಚಂದ ರಾಯಚಂದ ವಿದ್ಯಾರ್ಥಿವೇತನವೂ ಬಂತು. ಆಮೇಲೆ? ಆಮೇಲೆ ಏನೂ ಇಲ್ಲ. 1857ರಲ್ಲಿ ಹುಟ್ಟಿದ ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಪರೀಕ್ಷೆ ಮಾಡುವ ಕಚೇರಿಯೇ ಹೊರತು ಪಾಠ ಹೇಳುವ ಸ್ಥಳವಾಗಿರಲಿಲ್ಲ. ಗುರುದಾಸ ಬ್ಯಾನರ್ಜಿಯವರು ಈ ತರುಣನಿಗಾಗಿ ಗಣಿತದ ಪೀಠವೊಂದನ್ನು ಏರ್ಪಡಿಸಲು ಯತ್ನಿಸಿದರು, ಹಣ ಕೂಡಲಿಲ್ಲ. ಗಣಿತಜ್ಞನಾಗಬೇಕಾದವರು ವಕೀಲರಾದರು, 1904ರಲ್ಲಿ ಹೈಕೋರ್ಟಿನ ನ್ಯಾಯಾಧೀಶರಾದರು. ಅವರು ಮುಂದೆ ಮಾಡಿದ್ದಕ್ಕೆಲ್ಲ ಬೇರು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

ಅದೇ 1904ರಲ್ಲಿ ಲಾರ್ಡ್ ಕರ್ಜನ್ನನು ವಿಶ್ವವಿದ್ಯಾನಿಲಯಗಳ ಶಾಸನವನ್ನು ತಂದನು. ಸರಕಾರದ ಹಿಡಿತವನ್ನು ಬಿಗಿಮಾಡುವ ಶಾಸನವೆಂದು ದೇಶಾಭಿಮಾನಿಗಳು ಅದನ್ನು ಖಂಡಿಸಿದರು. ಅದು ನಿಜವೂ ಹೌದು. ಆದರೆ ವಿಶ್ವವಿದ್ಯಾನಿಲಯವು ತಾನೇ ಅಧ್ಯಾಪಕರನ್ನು ನೇಮಿಸಿ ಪಾಠ ನಡೆಸಬಹುದೆಂಬ ಮಾತೂ ಅದರಲ್ಲಿ ಇತ್ತು. 1906ರಿಂದ 1914ರವರೆಗೆ ಉಪಕುಲಪತಿಗಳಾಗಿದ್ದ ಆಶುತೋಷರು ಆ ಒಂದು ಮಾತನ್ನು ಭದ್ರವಾಗಿ ಹಿಡಿದುಕೊಂಡರು. ಬೆಳಗ್ಗೆ ವಿಶ್ವವಿದ್ಯಾನಿಲಯದ ಕಾಗದಪತ್ರ, ಹಗಲು ನ್ಯಾಯಾಸನ, ಸಂಜೆ ಮತ್ತೆ ಸೆನೆಟ್ ಹೌಸು. ತಾರಕನಾಥ ಪಾಲಿತರೂ ರಾಸಬಿಹಾರಿ ಘೋಷರೂ ಲಕ್ಷಗಟ್ಟಲೆ ರೂಪಾಯಿಗಳನ್ನು ದಾನ ಮಾಡಿದರು. ಇಬ್ಬರೂ ವಕೀಲರು, ಪೀಠಗಳಿಗೆ ಭಾರತೀಯರನ್ನೇ ನೇಮಿಸಬೇಕೆಂಬುದು ಅವರ ಷರತ್ತು. 1914ರ ಮಾರ್ಚಿಯಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿತ್ತು.

ಭೌತಶಾಸ್ತ್ರದ ಪಾಲಿತ ಪೀಠಕ್ಕೆ ಅವರು ಕರೆದದ್ದು ಹಣಕಾಸು ಇಲಾಖೆಯ ಅಧಿಕಾರಿಯೊಬ್ಬರನ್ನು. ಅವರೇ ನಮ್ಮ ಸಿ. ವಿ. ರಾಮನ್. ಪ್ರಾಧ್ಯಾಪಕನು ಹೊರದೇಶದಲ್ಲಿ ತರಬೇತಿ ಪಡೆದಿರಬೇಕೆಂದು ನಿಯಮವಿತ್ತು. ರಾಮನ್ನರು ಹೋಗಲು ಒಪ್ಪಲಿಲ್ಲ. ನಿಯಮವೇ ಸಡಿಲವಾಯಿತು, 1917ರಲ್ಲಿ ರಾಮನ್ನರು ಹೆಚ್ಚಿನ ಸಂಬಳವನ್ನು ಬಿಟ್ಟು ಬಂದರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಇಬ್ಬರೂ ಆಗಷ್ಟೇ ಎಂ.ಎಸ್‌ಸಿ. ಮುಗಿಸಿದ ಹುಡುಗರು, ಅವರನ್ನೂ ಕರೆದು ಪಾಠಕ್ಕೆ ನಿಲ್ಲಿಸಿದರು. ಮೈಸೂರಿಗೂ ಅವರಿಗೂ ನಂಟುಂಟು. 1918ರಲ್ಲಿ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಘಟಿಕೋತ್ಸವದಲ್ಲಿ ಭಾಷಣ ಮಾಡಿದವರು ಅವರೇ. ಕಲ್ಕತ್ತೆಯ ತತ್ತ್ವಶಾಸ್ತ್ರ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಆ ಪೀಠಕ್ಕೆ 1921ರಲ್ಲಿ ಮಹಾರಾಜಾ ಕಾಲೇಜಿನಿಂದ ರಾಧಾಕೃಷ್ಣನ್ ಹೋದರು. ಬೀಗರ ಮನೆಗಳ ನಡುವೆ ಹೆಣ್ಣು ಕೊಟ್ಟು ಹೆಣ್ಣು ತಂದಂತಾಯಿತು.

ಇನ್ನು 1917ರ ವ್ಯವಸ್ಥೆಯ ವಿಷಯ. ಅದುವರೆಗೆ ಕಲ್ಕತ್ತೆಯಲ್ಲಿ ಎಂ.ಎ. ಪಾಠವು ಅಷ್ಟಿಷ್ಟು ಕಾಲೇಜುಗಳಲ್ಲಿ, ಅಷ್ಟಿಷ್ಟು ವಿಶ್ವವಿದ್ಯಾನಿಲಯದಲ್ಲಿ ಹರಿದು ಹಂಚಿಹೋಗಿತ್ತು. ಆಶುತೋಷರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ ಅದೆಲ್ಲ ವಿಶ್ವವಿದ್ಯಾನಿಲಯದ ಕೈಗೆ ಬಂತು. ಕಲೆಗೊಂದು, ವಿಜ್ಞಾನಕ್ಕೊಂದು ಸ್ನಾತಕೋತ್ತರ ಪರಿಷತ್ತು. ಪಾಠ ಹೇಳುವವರೆಲ್ಲ ಅದರ ಸದಸ್ಯರು. ಪ್ರತಿಯೊಂದು ವಿಷಯಕ್ಕೂ ಒಂದು ಮಂಡಲಿ, ಮೇಲೊಂದು ಕಾರ್ಯಸಮಿತಿ, ಕಡೆಯ ಮಾತು ಸೆನೆಟ್ಟಿನದು. ಪಠ್ಯಕ್ರಮದ ಸೂಚನೆ ಕೆಳಗಿನಿಂದ, ಅಂದರೆ ಪಾಠ ಹೇಳುವವನಿಂದ ಹೊರಟು ಮೇಲಕ್ಕೆ ಹೋಗುತ್ತಿತ್ತು. ಕೇಳುವುದಕ್ಕೆ ಒಣ ನಿಯಮಾವಳಿ. ಕೊಠಡಿ ಎಣಿಸುವುದನ್ನು ನೋಡಿದ ನನಗೆ ಮಾತ್ರ ಅದನ್ನು ಓದುವಾಗ ಗಂಟಲು ಕಟ್ಟಿತು. 1919ರಲ್ಲಿ ಬಂಗಾಳಿಯಲ್ಲೇ ಎಂ.ಎ. ಓದುವ ಏರ್ಪಾಡೂ ಆಯಿತು.

ದೋಷವಿರಲಿಲ್ಲವೆ? ಇತ್ತು. ಮತ ಎಲ್ಲರಿಗೂ ಇದ್ದರೂ ಎರಡು ಪರಿಷತ್ತುಗಳಿಗೂ ಅಧ್ಯಕ್ಷರು ಅವರೊಬ್ಬರೇ. ಅವರ ಮುಖ ನೋಡಿಕೊಂಡು ಕೈ ಎತ್ತುವವರು ಕಡಮೆಯಿರಲಿಲ್ಲ. ವಿಭಾಗಗಳು ಮಿತಿಮೀರಿ ಬೆಳೆದುವೆಂದೂ ಮಟ್ಟ ಇಳಿಯಿತೆಂದೂ ಇತಿಹಾಸಕಾರ ಜದುನಾಥ ಸರಕಾರರು ಕಟುವಾಗಿ ಟೀಕಿಸಿದರು. ಆ ಟೀಕೆಯನ್ನು ಅಸೂಯೆಯೆಂದು ತಳ್ಳಿಹಾಕುವುದು ಸರಿಯಲ್ಲ.

ಬೊಕ್ಕಸವೂ ಬರಿದಾಯಿತು. 1921ರಲ್ಲಿ ಅವರು ಮತ್ತೆ ಉಪಕುಲಪತಿಗಳಾಗುವ ಹೊತ್ತಿಗೆ ಸಾಲ ಏರುತ್ತಿತ್ತು. ಅಧ್ಯಾಪಕರ ಸಂಬಳ ತಿಂಗಳುಗಟ್ಟಲೆ ನಿಂತಿತು. 1922ರಲ್ಲಿ ಸರಕಾರ ಎರಡೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂತು, ಷರತ್ತುಗಳೊಡನೆ: ಲೆಕ್ಕವನ್ನು ತನಗೆ ಒಪ್ಪಿಸುತ್ತಿರಬೇಕು, ಖರ್ಚು ತರುವ ಹೊಸ ವಿಸ್ತರಣೆ ಕೂಡದು. ಆಶುತೋಷರು ಸೆನೆಟ್ಟಿನಲ್ಲಿ ಎದ್ದು ನಿಂತು ಆ ಹಣ ಬೇಡವೆಂದರು. ಸ್ವಾತಂತ್ರ್ಯವನ್ನು ಮಾರಿ ಕಾಸು ತರುವುದಕ್ಕಿಂತ ಹಸಿದಿರುವುದೇ ಲೇಸೆಂಬುದು ಅವರ ವಾದದ ಸಾರ.

ಇಲ್ಲಿ ನನ್ನ ಮನಸ್ಸು ಎರಡಾಗುತ್ತದೆ. ತರುಣನಾಗಿದ್ದಾಗ ಬೇರೊಂದು ಊರಿನಲ್ಲಿ ಏಳು ತಿಂಗಳು ಸಂಬಳವಿಲ್ಲದೆ ಪಾಠ ಹೇಳಿದವನು ನಾನು. ಅಂಗಡಿಯ ಶೆಟ್ಟರ ಕಣ್ಣು ತಪ್ಪಿಸಿ ಹಿಂದಿನ ಓಣಿಯಿಂದ ಮನೆಗೆ ಬರುತ್ತಿದ್ದೆ. ನ್ಯಾಯಾಧೀಶರ ಸಂಬಳವಿದ್ದವರು ಹಸಿವಿನ ಮಾತನ್ನು ಆಡುವುದು ಸುಲಭವಲ್ಲವೆ ಎಂದು ಅಂದಿನ ನಾನಾಗಿದ್ದರೆ ಕೇಳುತ್ತಿದ್ದೆ. ಈಗ ಬೇರೆಯಾಗಿ ಯೋಚಿಸುತ್ತೇನೆ: ಆ ಷರತ್ತಿಗೆ ಒಪ್ಪಿದ್ದರೆ ಮಂಡಲಿಗಳು ಹೆಸರಿಗೆ ಉಳಿಯುತ್ತಿದ್ದುವು, ನಿರ್ಧಾರ ಕಾರ್ಯದರ್ಶಿಯ ಮೇಜಿಗೆ ಹೋಗುತ್ತಿತ್ತು. ಆದರೂ ಆ ಅಧ್ಯಾಪಕರ ಮನೆಯವರನ್ನು ನೆನೆಯದೆ ಈ ಕಥೆಯನ್ನು ಹೇಳಲು ನನ್ನಿಂದಾಗದು.

1923ರಲ್ಲಿ ಗವರ್ನರ್ ಲಾರ್ಡ್ ಲಿಟ್ಟನ್ನನು, ಸರಕಾರವನ್ನು ವಿರೋಧಿಸದೆ ಸಹಕರಿಸುವುದಾದರೆ ಉಪಕುಲಪತಿಯ ಸ್ಥಾನ ಮತ್ತೆ ನಿಮ್ಮದೇ ಎಂಬರ್ಥದ ಪತ್ರವನ್ನು ಬರೆದನು. ಅದು ಮಾನಹಾನಿಯೆಂದು ಆಶುತೋಷರು ಖಾರವಾಗಿಯೇ ಉತ್ತರ ಬರೆದು ಸ್ಥಾನವನ್ನು ನಿರಾಕರಿಸಿದರು. ಅದೇ ವರ್ಷ ಹೈಕೋರ್ಟಿನಿಂದಲೂ ನಿವೃತ್ತರಾಗಿ ಮತ್ತೆ ವಕೀಲಿಗೆ ನಿಂತರು. ಡುಮರಾವ್ ಸಂಸ್ಥಾನದ ಮೊಕದ್ದಮೆಗೆಂದು ಪಾಟ್ನಾಕ್ಕೆ ಹೋದವರು 1924ರ ಮೇ 25ರಂದು ಅಲ್ಲಿಯೇ ತೀರಿಕೊಂಡರು. ಅರವತ್ತು ತುಂಬಲು ಒಂದು ತಿಂಗಳು ಬಾಕಿಯಿತ್ತು.

ನಮ್ಮಲ್ಲಿ ಎಂ.ಎ. ತರಗತಿ ಕಳೆದ ವರ್ಷ ತೆರೆಯಿತು. ಮುಂದಿನ ತಿಂಗಳ ಪಠ್ಯಸಮಿತಿಯ ಸಭೆಗೆ ಈ ಸಲ ನನಗೂ ಕರೆ ಬಂದಿದೆ. ಬೇಕಾದ ಪುಸ್ತಕಗಳ ಪಟ್ಟಿಯನ್ನು ವಿದ್ಯಾರ್ಥಿಗಳನ್ನು ಕೇಳಿಯೇ ಬರೆದುಕೊಂಡಿದ್ದೇನೆ.