ಎಲಾ ಫಿಟ್ಜ್‌ಗೆರಾಲ್ಡ್ ಹೇಳದೇ ಉಳಿಸಿಕೊಂಡ ಕಥೆ

ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಹಾಸ್ಟೆಲಿನ ಸೀನಿಯರ್ ಒಬ್ಬನ ಹಾರ್ಡ್ ಡಿಸ್ಕಿನಿಂದ ಹಾಡು ಕಾಪಿ ಮಾಡಿಕೊಳ್ಳುತ್ತಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಎಲ್ಲಾ ಅಂತ ಬರೆದಂತಿದ್ದ ಫೋಲ್ಡರ್ ಒಂದು ಕಣ್ಣಿಗೆ ಬಿತ್ತು. ಎಲ್ಲಾ ಹಾಡೂ ಒಂದೇ ಕಡೆ ಸಿಕ್ಕವಲ್ಲ, ಹುಡುಕುವ ಕಷ್ಟ ತಪ್ಪಿತು ಅಂತ ಪೂರ್ತಿ ಎಳೆದುಕೊಂಡೆ. ರೂಮಿಗೆ ಬಂದು ನೋಡಿದರೆ ರಾಜ್‌ಕುಮಾರ್ ಇಲ್ಲ, ಪಿ.ಬಿ. ಶ್ರೀನಿವಾಸ್ ಇಲ್ಲ. ಅಷ್ಟೂ ಹಾಡಿನಲ್ಲಿ ಒಬ್ಬಳೇ ಹೆಂಗಸಿನ ದನಿ. ಅದು ಆಕೆಯ ಹೆಸರು. ಎಲಾ ಫಿಟ್ಜ್‌ಗೆರಾಲ್ಡ್. ಗೊಂದಲ ಬೇಡ ಅಂತ ಇಲ್ಲಿ ಎಲಾ ಅಂತಲೇ ಬರೆಯುತ್ತೇನೆ. ನಮ್ಮಲ್ಲಿ ಅದು ಬೆರಗಿನ ಉದ್ಗಾರವೂ ಹೌದು, ಏನೂ ನಷ್ಟವಿಲ್ಲ.

ಡಿಲೀಟ್ ಮಾಡಬೇಕು ಅಂದುಕೊಂಡವನು ಮಾಡಲಿಲ್ಲ. ಆ ದನಿಯಲ್ಲಿ ಒಂಥರಾ ನಿರಾಳ ಇತ್ತು. ಇಂಟರ್ನಲ್ಸ್ ಹಿಂದಿನ ರಾತ್ರಿಗಳಿಗೆ ಚೆನ್ನಾಗಿ ಹೊಂದುತ್ತಿತ್ತು. ಹಾಡುತ್ತಿರುವವಳು ಜೀವನದಲ್ಲಿ ಕಷ್ಟ ಅಂದರೇನು ಅಂತ ನೋಡಿಯೇ ಇಲ್ಲವೇನೋ ಅಂದುಕೊಂಡಿದ್ದೆ. ಈ ತಪ್ಪು ನನ್ನೊಬ್ಬನದಲ್ಲ. ಅಮೆರಿಕದ ವಿಮರ್ಶಕರಲ್ಲೂ ಕೆಲವರು ದಶಕಗಳ ಕಾಲ ಇದೇ ದೂರು ಹೇಳಿದರು. ಬಿಲ್ಲಿ ಹಾಲಿಡೇ ಹಾಡಿದರೆ ಗಾಯ ಕಾಣುತ್ತದೆ, ಎಲಾ ಹಾಡಿದರೆ ಬರೀ ಸ್ವರ ಕೇಳುತ್ತದೆ ಎಂಬ ಧಾಟಿ.

ಈಗ ಆಕೆಯ ಬದುಕು ನೋಡಿ.

ಹುಟ್ಟಿದ್ದು 1917ರ ಏಪ್ರಿಲ್ 25, ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ. ತಾಯಿಯ ಜೊತೆ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ಗೆ ಬಂದಳು. ಹದಿಹರೆಯದಲ್ಲೇ, 1932ರಲ್ಲಿ, ತಾಯಿ ತೀರಿಕೊಂಡಳು. ಆಮೇಲೆ ಸ್ಕೂಲು ತಪ್ಪಿತು, ಮನೆ ತಪ್ಪಿತು, ಹಾರ್ಲೆಮ್‌ನ ಬೀದಿಯೇ ಗತಿಯಾಯಿತು. 1934ರ ನವೆಂಬರ್ 21ರಂದು ಅಪೋಲೋ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಗೆ ಹೋದಾಗ ವಯಸ್ಸು 17. ಹೋಗಿದ್ದು ಕುಣಿಯಲಿಕ್ಕೆ. ಆದರೆ ತನಗಿಂತ ಮೊದಲು ವೇದಿಕೆಗೆ ಬಂದ ಅಕ್ಕತಂಗಿಯರ ಜೋಡಿ ಚಿಂದಿ ಕುಣಿತ ಕುಣಿದುಬಿಟ್ಟಿತು. ಎಲಾಗೆ ಕಾಲೇ ಏಳಲಿಲ್ಲ. ಮಾಸಿದ ಬಟ್ಟೆಯಲ್ಲಿ ನಿಂತು, ತಾನು ಮೆಚ್ಚುತ್ತಿದ್ದ ಕಾನಿ ಬಾಸ್ವೆಲ್ ಎಂಬ ಗಾಯಕಿಯ ಶೈಲಿಯಲ್ಲಿ ಹಾಡಿದಳು. ಮೊದಲ ಬಹುಮಾನ, 25 ಡಾಲರ್. ಗೆದ್ದವರಿಗೆ ಅಲ್ಲೇ ಒಂದು ವಾರ ಹಾಡುವ ಅವಕಾಶವೂ ಸಿಗಬೇಕಿತ್ತು. ಹುಡುಗಿಯ ಅವತಾರ ನೋಡಿ ಅದನ್ನು ಕೊಡಲಿಲ್ಲ.

ಈ ನೋಟದ ಸಮಸ್ಯೆ ಕೊನೆವರೆಗೂ ಬೆನ್ನುಬಿಡಲಿಲ್ಲ. ಸವಾಯ್ ಬಾಲ್‌ರೂಮಿನ ಡ್ರಮ್ಮರ್ ಚಿಕ್ ವೆಬ್ ಕೂಡ ಮೊದಲು ಮೂಗು ಮುರಿದವನೇ. ಬೆನ್ನುಮೂಳೆಯ ಕಾಯಿಲೆಯಿಂದ ಗೂನಾಗಿದ್ದ ಆ ಕುಳ್ಳ ಮನುಷ್ಯನಿಗೂ ಹಾಡುವವಳು ಚೆಂದ ಇರಬೇಕಿತ್ತು ನೋಡಿ! ಒಮ್ಮೆ ಕೇಳಿದ ಮೇಲೆ ಮಾತ್ರ ಬಿಡಲಿಲ್ಲ. 1938ರಲ್ಲಿ ಮಕ್ಕಳ ಪ್ರಾಸದ ಹಾಡೊಂದನ್ನು ಮುರಿದು ಕಟ್ಟಿದ ಎ-ಟಿಸ್ಕೆಟ್ ಎ-ಟಾಸ್ಕೆಟ್ ದೇಶದ ತುಂಬ ಹಬ್ಬಿತು. ಮರುವರ್ಷ ವೆಬ್ ಸತ್ತ. 22ರ ಹುಡುಗಿಯ ಹೆಸರಿನಲ್ಲೇ ಬ್ಯಾಂಡ್ ಮುಂದುವರೆಯಿತು.

ಹಾಗೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಎಲಾ ಪಕ್ಕದಲ್ಲಿ ಮರ್ಲಿನ್ ಮನ್ರೋ ಕೂತಿರುವ ಫೋಟೋ ವಾಟ್ಸಾಪಿನಲ್ಲಿ ನೀವೂ ನೋಡಿರುತ್ತೀರಿ. ಹಾಲಿವುಡ್ಡಿನ ಮೊಕಾಂಬೋ ಕ್ಲಬ್ಬಿಗೆ ಕಪ್ಪು ಕಲಾವಿದರಿಗೆ ಪ್ರವೇಶವೇ ಇರಲಿಲ್ಲ, ಮನ್ರೋ ಬಾಗಿಲು ತೆರೆಸಿದಳು ಅಂತ ಅದರ ಕೆಳಗೆ ಬರೆದಿರುತ್ತದೆ. ಮನ್ರೋ ಎಲಾ ಪರವಾಗಿ ಮಾತಾಡಿದ್ದು ನಿಜ, 1955ರಲ್ಲಿ ಎಲಾ ಅಲ್ಲಿ ಹಾಡಿದ್ದೂ ನಿಜ. ಆದರೆ ಆ ಹೊತ್ತಿಗಾಗಲೇ ಡೊರೊತಿ ಡ್ಯಾಂಡ್ರಿಜ್, ಅರ್ಥಾ ಕಿಟ್ ಅಲ್ಲಿ ಹಾಡಿ ಹೋಗಿದ್ದರು. ಕ್ಲಬ್ಬಿನವರಿಗೆ ಎಲಾ ಸಾಕಷ್ಟು ಗ್ಲಾಮರ್ ಇರುವವಳು ಅನ್ನಿಸಿರಲಿಲ್ಲ. ಅಪೋಲೋದ ಕಥೆಯೇ, ಇಪ್ಪತ್ತು ವರ್ಷ ತಡವಾಗಿ.

ಬಣ್ಣದ ಪೆಟ್ಟು ಬೇರೆ ಕಡೆ ಬಿತ್ತು, ಜೋರಾಗಿಯೇ ಬಿತ್ತು. 1954ರಲ್ಲಿ ಆಸ್ಟ್ರೇಲಿಯಾಕ್ಕೆ ಹೊರಟಿದ್ದಾಗ, ಕೈಯಲ್ಲಿ ಫಸ್ಟ್ ಕ್ಲಾಸ್ ಟಿಕೆಟ್ ಇದ್ದರೂ ಹೊನೊಲುಲುವಿನಲ್ಲಿ ಪ್ಯಾನ್ ಆಮ್ ವಿಮಾನ ಮತ್ತೆ ಹತ್ತಿಸಿಕೊಳ್ಳಲಿಲ್ಲ. ಸಿಡ್ನಿಯ ಕಛೇರಿ ತಪ್ಪಿತು. ಕೋರ್ಟಿಗೆ ಹೋದಳು, ಪರಿಹಾರ ಪಡೆದಳು. 1955ರ ಅಕ್ಟೋಬರಿನಲ್ಲಿ ಹ್ಯೂಸ್ಟನ್‌ನಲ್ಲಿ ಕಾರ್ಯಕ್ರಮ. ಮ್ಯಾನೇಜರ್ ನಾರ್ಮನ್ ಗ್ರಾಂಜ್ ಹಟಮಾರಿ. ಬಿಳಿಯರಿಗೊಂದು ಕಡೆ ಕಪ್ಪು ಜನರಿಗೊಂದು ಕಡೆ ಎಂಬ ಆಸನ ವ್ಯವಸ್ಥೆಯನ್ನೇ ತೆಗೆದುಹಾಕಿದ್ದ. ಮೊದಲ ಆಟ ಮುಗಿದು ಎರಡನೆಯದು ಶುರುವಾಗುವ ನಡುವೆ ಪೊಲೀಸರು ಡ್ರೆಸ್ಸಿಂಗ್ ರೂಮಿಗೆ ನುಗ್ಗಿದರು. ಡಿಜ್ಜಿ ಗಿಲೆಸ್ಪಿ ಮತ್ತು ಇಲಿನಾಯ್ ಜಾಕೆ ದಾಳ ಉರುಳಿಸುತ್ತಿದ್ದರು, ಎಲಾ ಸಿಹಿ ತಿನ್ನುತ್ತಾ ಕೂತಿದ್ದಳು. ಜೂಜಿನ ಕೇಸು ಹಾಕಿ ಅವಳನ್ನೂ ಸ್ಟೇಷನ್ನಿಗೆ ಕರೆದೊಯ್ದರು. ತಲಾ 10 ಡಾಲರ್ ಕಟ್ಟಿ ಬಿಡುಗಡೆ. ಅಲ್ಲಿ ಪೊಲೀಸನೊಬ್ಬ ಆಟೋಗ್ರಾಫ್ ಕೇಳಿದ ಅಂತ ಆಮೇಲೆ ಆಕೆಯೇ ಹೇಳಿಕೊಂಡದ್ದುಂಟು. ವಾಪಸ್ ಬಂದು ಎರಡನೇ ಆಟವನ್ನೂ ಹಾಡಿದಳು.

ಕೆಲವೇ ತಿಂಗಳು ಕಳೆದ ಮೇಲೆ, 1956ರ ಆರಂಭದಲ್ಲಿ, ಅದೇ ಎಲಾ ಲಾಸ್ ಏಂಜಲೀಸಿನ ಸ್ಟುಡಿಯೋದಲ್ಲಿ ಕೋಲ್ ಪೋರ್ಟರ್ ಬರೆದ 32 ಹಾಡುಗಳನ್ನು ರೆಕಾರ್ಡ್ ಮಾಡಿದಳು. ನನ್ನ ಹಾಸ್ಟೆಲ್ ಫೋಲ್ಡರಿನ ಮೊದಲ ಆಲ್ಬಂ ಅದು. ಇಲ್ಲಿ ನನ್ನೊಳಗಿನ ಇಂಜಿನಿಯರಿಗೆ ಸ್ವಲ್ಪ ಜಾಗ ಕೊಡಿ. ಹಳೆಯ 78 ಆರ್‌ಪಿಎಂ ಪ್ಲೇಟಿನಲ್ಲಿ ಒಂದು ಬದಿಗೆ ಹಿಡಿಸುತ್ತಿದ್ದದ್ದು ಸುಮಾರು ಮೂರು ನಿಮಿಷ, ಅಂದರೆ ಒಂದೇ ಹಾಡು. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿ ತಂದಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಿಡಿಸತೊಡಗಿತು. ಒಬ್ಬ ರಚನೆಕಾರನ ಹಾಡುಗಳನ್ನೆಲ್ಲ ಒಂದು ಪುಸ್ತಕದ ಹಾಗೆ ಕೂಡಿಸಬಹುದು ಎಂಬ ಯೋಚನೆಗೆ ಆಗ ಅರ್ಥ ಬಂತು. ಗ್ರಾಂಜ್ ಅದಕ್ಕೆ ಸಾಂಗ್ ಬುಕ್ ಅಂತ ಹೆಸರಿಟ್ಟ. ಡೆಕ್ಕಾ ಕಂಪನಿಯ ಒಪ್ಪಂದದಿಂದ ಎಲಾಳನ್ನು ಬಿಡಿಸಿಕೊಂಡು, ವರ್ವ್ ಅಂತ ಹೊಸ ಕಂಪನಿಯನ್ನೇ ತೆರೆದ.

ಅದೇ 1956 ಎಲ್ವಿಸ್ ಪ್ರೀಸ್ಲಿ ಸ್ಫೋಟಿಸಿದ ವರ್ಷ. ಬ್ರಾಡ್‌ವೇ ನಾಟಕಗಳಿಗೆ, ಸಿನಿಮಾಗಳಿಗೆ ಅಂತ ಇಪ್ಪತ್ತು ಮೂವತ್ತರ ದಶಕಗಳಲ್ಲಿ ಬರೆದ ಹಾಡುಗಳು ಅಪ್ಪಂದಿರ ಕಾಲದ ಸರಕಾಗುತ್ತಿದ್ದವು. ಎಷ್ಟೋ ಹಾಡುಗಳ ನಾಟಕವೇ ಮರೆತುಹೋಗಿತ್ತು. ಎಲಾ ಅವನ್ನು ಒಂದೊಂದಾಗಿ ಎತ್ತಿಕೊಂಡಳು. 1956ರಿಂದ 1964ರವರೆಗೆ ಎಂಟು ಸಾಂಗ್ ಬುಕ್: ಪೋರ್ಟರ್, ರಾಜರ್ಸ್ ಮತ್ತು ಹಾರ್ಟ್, ಡ್ಯೂಕ್ ಎಲಿಂಗ್ಟನ್, ಅರ್ವಿಂಗ್ ಬರ್ಲಿನ್, ಗರ್ಶ್ವಿನ್ ಸಹೋದರರು, ಹೆರಾಲ್ಡ್ ಆರ್ಲೆನ್, ಜೆರೋಮ್ ಕರ್ನ್, ಜಾನಿ ಮರ್ಸರ್. 1959ರ ಗರ್ಶ್ವಿನ್ ಒಂದೇ ಐದು ಎಲ್‌ಪಿ, ಐವತ್ತಕ್ಕೂ ಹೆಚ್ಚು ಹಾಡು. ಈ ಪಟ್ಟಿಯಲ್ಲಿ ಕಪ್ಪು ಮನುಷ್ಯ ಎಲಿಂಗ್ಟನ್ ಒಬ್ಬನೇ. ಬಹುಪಾಲು ಉಳಿದವರು ಯಹೂದಿ ವಲಸಿಗರು ಅಥವಾ ಅವರ ಮಕ್ಕಳು. ಇವತ್ತು ಅಮೆರಿಕದ ಶಾಸ್ತ್ರೀಯ ಜನಪ್ರಿಯ ಗೀತೆಗಳು ಅಂತ ಗೌರವದಿಂದ ಹೇಳುವ ಆ ಭಂಡಾರಕ್ಕೆ ಭಂಡಾರದ ರೂಪ ಬಂದದ್ದು, ಅದೇ ದೇಶದ ವಿಮಾನದಿಂದ ಹೊರಗುಳಿದವಳ ಗಂಟಲಿನಿಂದ ಅಂತ ನನ್ನ ವಾದ. 1959ರಲ್ಲಿ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿಗಳನ್ನು ಕೊಟ್ಟಾಗ ಎಲಾಗೆ ಎರಡು ಬಂದವು, ಎರಡೂ ಸಾಂಗ್ ಬುಕ್ಕುಗಳಿಗೇ.

ಕೇಳುವಾಗ ಒಂದು ಸಂಗತಿ ಗಮನಿಸಿ. ಈ ಹಾಡುಗಳಿಗೆ ಪಲ್ಲವಿಗೆ ಮೊದಲು ಪೀಠಿಕೆಯಂಥ ಒಂದು ಭಾಗ ಇರುತ್ತಿತ್ತು. ನಾಟಕದ ಮಾತಿನಿಂದ ಹಾಡಿಗೆ ದಾಟಿಸುವ ಮೆಟ್ಟಿಲು ಅದು. ಡಾನ್ಸ್ ಬ್ಯಾಂಡಿನವರು ಅದನ್ನು ಕಿತ್ತು ಬಿಸಾಕಿದ್ದರು. ಎಲಾ ಎಷ್ಟೋ ಕಡೆ ಅದನ್ನು ವಾಪಸ್ ತಂದಳು, ಒಂದಕ್ಷರ ನುಂಗದೆ ಹಾಡಿದಳು. ಭಾವ ಕಡಿಮೆ ಅಂತ ದೂರಿದವರಿಗೆ ಇದು ಯಾಕೆ ಕೇಳಿಸಲಿಲ್ಲವೋ. ಬರೆದವನ ಮಾತನ್ನು ಅಷ್ಟು ಜೋಪಾನವಾಗಿ ದಾಟಿಸುವುದು ಭಾವ ಅಲ್ಲದೆ ಮತ್ತೇನು? ಹಾಗಂತ ಆಕೆ ಶಿಸ್ತಿನ ಗೊಂಬೆಯೂ ಅಲ್ಲ. 1960ರಲ್ಲಿ ಬರ್ಲಿನ್ ನಗರದ ವೇದಿಕೆಯಲ್ಲಿ ಮ್ಯಾಕ್ ದಿ ನೈಫ್ ಹಾಡುತ್ತಾ ಸಾಲು ಮರೆತಳು. ಮರೆತೆ ಅಂತ ಹಾಡಿನಲ್ಲೇ ಒಪ್ಪಿಕೊಂಡು, ನಿಂತಲ್ಲೇ ಹೊಸ ಸಾಲು ಹೊಸೆದು ಮುಗಿಸಿದಳು. ಅದಕ್ಕೂ ಗ್ರ್ಯಾಮಿ ಬಂತು.

ಡಯಾಬಿಟಿಸ್ ಕಣ್ಣಿಗೆ ಬಂತು, 1993ರಲ್ಲಿ ಮಂಡಿಯ ಕೆಳಗೆ ಎರಡೂ ಕಾಲು ತೆಗೆದರು. 1996ರ ಜೂನ್ 15ರಂದು ಬೆವರ್ಲಿ ಹಿಲ್ಸ್‌ನಲ್ಲಿ ತೀರಿಕೊಂಡಳು. ಅಪೋಲೋಗೆ ಮುಂಚಿನ ದಿನಗಳ ಒಂದು ಸಂಗತಿ ಹೊರಬಿದ್ದದ್ದು ಅದಾದ ಒಂದು ವಾರದ ನಂತರ. ನ್ಯೂಯಾರ್ಕ್ ಟೈಮ್ಸಿನ ವರದಿಗಾರ್ತಿ ನೀನಾ ಬರ್ನ್‌ಸ್ಟೀನ್ ಅದನ್ನು ಬರೆದರು. ತಾಯಿ ಸತ್ತಮೇಲೆ ಎಲಾಳನ್ನು ಹಡ್ಸನ್ ಊರಿನಲ್ಲಿದ್ದ ಹೆಣ್ಣುಮಕ್ಕಳ ಸರ್ಕಾರಿ ಸುಧಾರಣಾ ಶಾಲೆಗೆ ಹಾಕಿದ್ದರು. ಕಪ್ಪು ಹುಡುಗಿಯರಿಗೆ ಅಲ್ಲಿ ಬೇರೆ ವಸತಿ, ಅಲ್ಲಿ ಹೊಡೆತ. ಶಾಲೆಗೊಂದು ಗಾಯನ ತಂಡ ಇತ್ತು, ಅದರಲ್ಲಿ ಬಿಳಿಯ ಹುಡುಗಿಯರು ಮಾತ್ರ. ಎಲಾ ಫಿಟ್ಜ್‌ಗೆರಾಲ್ಡ್ ಅದರಲ್ಲಿ ಹಾಡಲಿಲ್ಲ! ದೊಡ್ಡ ಹೆಸರಾದ ಮೇಲೆ ಶಾಲೆಯವರು ಗೌರವ ಅತಿಥಿಯಾಗಿ ಕರೆದರು. ಆಕೆ ಹೋಗಲಿಲ್ಲ. ಯಾವ ಸಂದರ್ಶನದಲ್ಲೂ ಇದರ ಬಗ್ಗೆ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೆ ವಿಮರ್ಶಕರಿಗೆ ಬೇಕಾಗಿದ್ದ ಗಾಯ ಸಿಕ್ಕಿಬಿಡುತ್ತಿತ್ತು, ಅದೇ ಹಾಡುಗಳಲ್ಲಿ ಅದೇ ಜನ ಆಳ ಕಾಣುತ್ತಿದ್ದರು.

ಇದನ್ನು ಬರೆಯಲು ನನಗೊಂದು ಕಾರಣವಿದೆ. ಇಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದ ಹೊಸದರಲ್ಲಿ, ಉತ್ತರ ಕರ್ನಾಟಕದ ಹಿರಿಯ ರಂಗಗಾಯಕಿಯೊಬ್ಬರ ಸಂದರ್ಶನಕ್ಕೆ ಹೋಗಿದ್ದೆ. ಕಂಪನಿ ನಾಟಕಗಳಲ್ಲಿ ಹಾಡಿ ಬದುಕಿದವರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನವರೆಗೆ ದನಿ ಮುಟ್ಟಿಸುವುದು ಹೇಗೆ, ಕಾಲು ಹಾರ್ಮೋನಿಯಂ ನುಡಿಸುವವನ ಕಣ್ಣು ನೋಡಿ ಸ್ವರ ಹಿಡಿಯುವುದು ಹೇಗೆ ಅಂತ ಹೇಳಹೊರಟಿದ್ದರು. ನಾನು ಮತ್ತೆ ಮತ್ತೆ ಅವರ ಗಂಡನ ಬಗ್ಗೆ, ಬಡತನದ ಬಗ್ಗೆ ಕೇಳಿದೆ. ಅದನ್ನು ಬಿಡು ತಮ್ಮಾ ಅಂತ ಎರಡು ಸಲ ಮೆತ್ತಗೆ ಹೇಳಿದರು. ಮೂರನೇ ಸಲಕ್ಕೆ ಉತ್ತರಿಸಿದರು, ಅದೇ ಹೆಡ್‌ಲೈನ್ ಆಯಿತು, ಚೆನ್ನಾಗಿ ಓಡಿತು. ಆಮೇಲೆ ಅವರು ನನ್ನ ಫೋನ್ ತೆಗೆಯಲಿಲ್ಲ.

ಅವತ್ತಿನ ಆಡಿಯೋ ನನ್ನ ಹತ್ತಿರ ಇನ್ನೂ ಇದೆ. ಮೊನ್ನೆ ಈ ಲೇಖನಕ್ಕೆ ಕೂರುವ ಮೊದಲು ಕೇಳಿದೆ. ಅರ್ಧ ಗಂಟೆ ದಾಟಿದ ಮೇಲೆ ಒಂದು ಕಡೆ ಅವರು ರಂಗಗೀತೆಯೊಂದನ್ನು ತೋರಿಸಲು ಶುರುಮಾಡುತ್ತಾರೆ. ಮೊದಲ ಸಾಲು ಇನ್ನೂ ಪೂರ್ತಿಯಾಗಿಲ್ಲ, ನಾನು ಮುಂದಿನ ಪ್ರಶ್ನೆ ಕೇಳುತ್ತಿರುವುದು ಸ್ಪಷ್ಟವಾಗಿ ಕೇಳಿಸುತ್ತದೆ.