ಅಕ್ಷರದವ್ವ ಪ್ಲೇಗಿಗೆ ಬಲಿಯಾದದ್ದು ಹೇಗೆ?

ಜನವರಿ 3 ಬಂತೆಂದರೆ ಶಾಲೆಗಳಲ್ಲಿ ಸಾವಿತ್ರಿಬಾಯಿ ಫುಲೆಯವರ ಫೋಟೋಗೆ ಹಾರ ಬೀಳುತ್ತೆ. ಹಣೆಯಲ್ಲಿ ಕುಂಕುಮ, ತಲೆ ಮೇಲೆ ಸೆರಗು. ಪೇಟೆಯ ಹೂವಿನ ಅಂಗಡಿಯವರಿಗೂ ಈಗ ಆ ಮುಖ ಗೊತ್ತು. ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಕೆ, ಸಗಣಿ ಎಸೆದರೂ ಜಗ್ಗದಾಕೆ, ಅಕ್ಷರದವ್ವ. ಇಷ್ಟು ಎಲ್ಲರೂ ಹೇಳ್ತಾರೆ. ಆದರೆ ಆಕೆ ಸತ್ತದ್ದು ಹೇಗೆ ಅಂತ ಕೇಳಿ ನೋಡಿ. ಭಾಷಣ ಮಾಡಿದವರೇ ತಲೆ ಕೆರೆದುಕೊಳ್ಳುತ್ತಾರೆ.

ಪ್ಲೇಗಿನಿಂದ. 1897ರ ಮಾರ್ಚ್ 10ರ ರಾತ್ರಿ, ಪುಣೆಯಲ್ಲಿ. ಆಗ ಆಕೆಗೆ 66 ವರ್ಷ. ಊರ ಹೊರಗಿನ ಕೇರಿಯ ಒಬ್ಬ ಹುಡುಗನನ್ನು ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ತಂದಿದ್ದರು. ಅದೇ ಬೇನೆ ಆಕೆಗೂ ತಗುಲಿತು.

ಈ ಸಾವಿನ ಕಥೆ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಾವಿತ್ರಿಬಾಯಿ ಹುಟ್ಟಿದ್ದು 1831ರಲ್ಲಿ, ಸತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. ಜಾತಿಯಲ್ಲಿ ಮಾಳಿ, ಅಂದರೆ ಹೂವು ತರಕಾರಿ ಬೆಳೆಯುವವರು. ಒಂಬತ್ತು ವರ್ಷಕ್ಕೇ ಪುಣೆಯ ಜೋತಿರಾವ್ ಫುಲೆಯವರ ಜೊತೆ ಮದುವೆ. ಅಕ್ಷರ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಮೈಮೇಲೆ ಸಗಣಿ, ಕೆಸರು ಬೀಳುತ್ತಿತ್ತು. ಶಾಲೆಗೆ ಹೋದ ಮೇಲೆ ಉಡೋದಕ್ಕೆ ಅಂತ ಇನ್ನೊಂದು ಸೀರೆ ಇಟ್ಟುಕೊಂಡೇ ಹೊರಡುತ್ತಿದ್ದರು. 1849ರಲ್ಲಿ ಮಾವ ಮನೆಯಿಂದ ಹೊರಗೆ ಹಾಕಿದ. ಇದೆಲ್ಲ ಶಾಲೆಯ ಪಾಠದಲ್ಲೂ ಬಂದಿದೆ, ಬಿಡಿ.

ಪಾಠದಲ್ಲಿ ಅಷ್ಟಾಗಿ ಬಾರದ ಸಂಗತಿ ಬೇರೆ ಇದೆ. ಈ ದಂಪತಿ ಇಡೀ ಜೀವಮಾನ ಮಾಡಿದ್ದು ಒಂದೇ ಕೆಲಸ: ಮುಟ್ಟಬಾರದು ಅಂದದ್ದನ್ನು ಮುಟ್ಟಿದ್ದು. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಬಿಟ್ಟುಕೊಟ್ಟರು. ಆ ಕಾಲದಲ್ಲಿ ಅದು ಮನೆಗೆ ತಾನೇ ಬೆಂಕಿ ಇಟ್ಟುಕೊಂಡಷ್ಟು ದೊಡ್ಡ ಮಾತು. ಬಸುರಾದ ವಿಧವೆಯರು ಬಾವಿಗೆ ಬೀಳದಿರಲಿ, ಕೂಸನ್ನು ಕೊಲ್ಲದಿರಲಿ ಅಂತ ಹೆರಿಗೆಯ ಆಶ್ರಯ ತೆರೆದರು. ಹಾಗೆ ಬಂದ ಕಾಶಿಬಾಯಿ ಎಂಬ ಬ್ರಾಹ್ಮಣ ವಿಧವೆಯ ಮಗುವನ್ನು ತಾವೇ ಮಗನಾಗಿ ಸಾಕಿಕೊಂಡರು. ಅವನೇ ಯಶವಂತ. ಮುಂದೆ ಡಾಕ್ಟರಾದ. ಈ ಹೆಸರು ನೆನಪಿರಲಿ.

1873ರಲ್ಲಿ ಸತ್ಯಶೋಧಕ ಸಮಾಜ ಹುಟ್ಟಿತು. ಮೂರು ವರ್ಷ ಕಳೆಯುವುದರಲ್ಲಿ ದೊಡ್ಡ ಬರ. ನಮ್ಮ ಕಡೆ ಹಿರಿಯರು ಧಾತು ಈಶ್ವರದ ಬರ ಅಂತಿದ್ದದ್ದು ಇದನ್ನೇ. ಬಳ್ಳಾರಿ, ಧಾರವಾಡ, ಮೈಸೂರು ಸೀಮೆಯನ್ನೆಲ್ಲ ತಿಂದು ಹಾಕಿದ ಬರ. ಆಗಲೂ ಸಾವಿತ್ರಿಬಾಯಿ ಮನೆಯಲ್ಲಿ ಕೂರಲಿಲ್ಲ. ಜುನ್ನರ ಕಡೆಯ ಓತೂರಿಗೆ ಹೋಗಿ, ಸಮಾಜದ ಕಾರ್ಯಕರ್ತರ ಜೊತೆ ಹಸಿದವರ ನಡುವೆ ನಿಂತರು. ಅಲ್ಲಿನ ಸ್ಥಿತಿಯನ್ನು 1877ರಲ್ಲಿ ಗಂಡನಿಗೆ ಪತ್ರ ಬರೆದು ತಿಳಿಸಿದರು. ಅನಾಥ ಮಕ್ಕಳಿಗೆ ಊಟದ ವ್ಯವಸ್ಥೆ ನಡೆಯಿತು. ಇಪ್ಪತ್ತು ವರ್ಷದ ನಂತರ ಪ್ಲೇಗು ಬಂದಾಗ ಆಕೆ ಹೊಸದಾಗಿ ಸೇವೆ ಕಲಿಯಬೇಕಾಗಿರಲಿಲ್ಲ.

ಜೋತಿರಾವ್ ತೀರಿಕೊಂಡದ್ದು 1890ರ ನವೆಂಬರ್‌ನಲ್ಲಿ. ಸಾಕುಮಗ ಬೆಂಕಿ ಮಡಕೆ ಹಿಡಿಯಬಾರದು ಅಂತ ನೆಂಟರು ತಕರಾರು ತೆಗೆದರು. ಸಾವಿತ್ರಿಬಾಯಿ ಮಾತಿಗೆ ಮಾತು ಬೆಳೆಸಲಿಲ್ಲ. ಮಡಕೆ ತಾವೇ ಹಿಡಿದು ಮುಂದೆ ನಡೆದರು, ಚಿತೆಗೆ ತಾವೇ ಬೆಂಕಿ ಕೊಟ್ಟರು. ಹೆಂಗಸರು ಸ್ಮಶಾನದ ಕಡೆ ಮುಖ ಹಾಕದ ಕಾಲ ಅದು. ಆಮೇಲೆ ಸಮಾಜದ ಹೊಣೆಯೂ ಆಕೆಯ ಹೆಗಲಿಗೆ ಬಂತು. 1893ರಲ್ಲಿ ಸಾಸವಡದ ಸಮ್ಮೇಳನಕ್ಕೆ ಆಕೆಯೇ ಅಧ್ಯಕ್ಷೆ.

ಹಡಗಿನಲ್ಲಿ ಬಂದ ಮಾರಿ

1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಪ್ಲೇಗು. ಅಲ್ಲಿಂದ ಹಡಗುಗಳ ದಾರಿಯಲ್ಲಿ ಬಂದರಿನಿಂದ ಬಂದರಿಗೆ ಹಬ್ಬಿ ಮುಂಬಯಿಗೂ ಬಂತು. 1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿ ಬಡಾವಣೆಯಲ್ಲಿ ಡಾಕ್ಟರ್ ವಿಯೇಗಸ್ ಅದನ್ನು ಗುರುತಿಸಿದರು. ಧಾನ್ಯದ ಉಗ್ರಾಣಗಳ ಜಾಗ ಅದು. ಧಾನ್ಯ ಇದ್ದ ಕಡೆ ಇಲಿ, ಇಲಿ ಇದ್ದ ಕಡೆ ಚಿಗಟ. ಆದರೆ ಚಿಗಟದ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ. ಕಂಡದ್ದು ಇಷ್ಟೇ: ಮೊದಲು ಇಲಿ ಸಾಯುತ್ತಿತ್ತು. ಆಮೇಲೆ ಮನುಷ್ಯರಿಗೆ ಸುಡೋ ಜ್ವರ, ತೊಡೆಸಂದಿನಲ್ಲಿ ಕಂಕುಳಲ್ಲಿ ಗಡ್ಡೆ. ಗಡ್ಡೆ ಎದ್ದವರಲ್ಲಿ ಅರ್ಧದಷ್ಟು ಜನ ಕೆಲವೇ ದಿನದಲ್ಲಿ ಹೋಗಿಬಿಡುತ್ತಿದ್ದರು. ಮದ್ದು ಅಂತ ಒಂದೂ ಇರಲಿಲ್ಲ.

ಕಾಸಿದ್ದವರು ರೈಲು ಹತ್ತಿದರು. ಕಾಸಿಲ್ಲದವರೂ ಎಷ್ಟೋ ಮಂದಿ ಹಳ್ಳಿ ದಾರಿ ಹಿಡಿದರು. 1897ರ ಫೆಬ್ರವರಿ ಹೊತ್ತಿಗೆ ಮುಂಬಯಿ ಸುಮಾರು ಅರ್ಧ ಖಾಲಿ. ಹಿಡಿದು ಆಸ್ಪತ್ರೆಗೆ ಹಾಕುವ ಸರ್ಕಾರದ ಕ್ರಮಕ್ಕೆ ಬಡವರು ಪ್ಲೇಗಿಗಿಂತ ಹೆಚ್ಚು ಹೆದರಿದ್ದರು. ಒಳಗೆ ಹೋದವರು ಹೊರಗೆ ಬರೋದಿಲ್ಲ ಅನ್ನುವ ಗುಲ್ಲು. 1896ರ ಅಕ್ಟೋಬರ್‌ನಲ್ಲಿ ಗಿರಣಿ ಕೂಲಿಕಾರರು ಆರ್ಥರ್ ರೋಡ್ ಆಸ್ಪತ್ರೆಗೇ ನುಗ್ಗಿದರು. ಅದೇ ಹೊತ್ತಿಗೆ ಮಲ ಹೊರುವ ಹಲಾಲ್‌ಖೋರ್ ಜನ ಊರು ಬಿಡ್ತಾರೆ ಅನ್ನೋ ಸುದ್ದಿ ಹಬ್ಬಿತು. ಮುನಿಸಿಪಾಲಿಟಿಯ ಜಂಘಾಬಲವೇ ಉಡುಗಿತು. ಅವರು ಒಂದು ವಾರ ಕೈ ಕಟ್ಟಿದರೆ ಮುಂಬಯಿ ಕೊಳೆತು ನಾರುತ್ತೆ. ಬಿಗಿ ಕ್ರಮವನ್ನು ಸಡಿಲ ಮಾಡಬೇಕಾಯಿತು. ದಿನವೂ ಕಂಡರೂ ಕಾಣದ ಹಾಗೆ ಓಡಾಡುತ್ತಿದ್ದ ಜನಕ್ಕೆ, ರೋಗ ಬಂದಾಗ ಮಾತ್ರ ಇಷ್ಟು ಬೆಲೆ! 2020ರ ಕೊರೋನಾದಲ್ಲಿ ಶಟರ್ ಎಳೆದು ಒಳಗೆ ಕೂತವರು, ಬೀದಿಯಲ್ಲಿ ಪೌರಕಾರ್ಮಿಕರ ಪೊರಕೆ ಸದ್ದು ಕೇಳಿದವರು, ಇದನ್ನು ಬೇರೆ ಯಾರಿಂದಲೂ ಕೇಳಿ ತಿಳಿಯಬೇಕಿಲ್ಲ.

ಸತ್ಯಶೋಧಕರು ಅಲ್ಲಿಯೂ ಇದ್ದರು. ನಾರಾಯಣ ಮೇಘಾಜಿ ಲೋಖಂಡೆ ಅಂತ ಒಬ್ಬರು. ಗಿರಣಿ ಕಾರ್ಮಿಕರಿಗೆ 1890ರಲ್ಲಿ ಭಾನುವಾರದ ರಜೆ ಕೊಡಿಸಲು ಹೋರಾಡಿದವರು. ಭಾನುವಾರ ಮನೆಯಲ್ಲಿ ಕಾಲು ಚಾಚುವವರು ಒಮ್ಮೆಯಾದರೂ ನೆನೆಯಬೇಕಾದ ಹೆಸರು. ಪ್ಲೇಗು ರೋಗಿಗಳ ನಡುವೆ ಓಡಾಡಿ 1897ರ ಫೆಬ್ರವರಿಯಲ್ಲಿ ಅದೇ ರೋಗಕ್ಕೆ ಬಲಿಯಾದರು. ಸಾವಿತ್ರಿಬಾಯಿಗೆ ಹತ್ತಿರದ ಬಳಗದ ಸಾವು. ಸುದ್ದಿ ಮುಟ್ಟಿದ ಮೇಲೂ ಆಕೆ ಹಿಂದೆ ಸರಿಯಲಿಲ್ಲ.

ಮುಂಡ್ವಾದಿಂದ ಹಡಪ್ಸರಕ್ಕೆ

ಅಷ್ಟರಲ್ಲಿ ಪ್ಲೇಗು ಪುಣೆಗೂ ಬಂದಿತ್ತು. ಸೈನ್ಯದ ಕೆಲಸದಲ್ಲಿದ್ದ ಮಗ ಯಶವಂತನನ್ನು ಸಾವಿತ್ರಿಬಾಯಿ ಕರೆಸಿಕೊಂಡರು. ಪುಣೆಯ ಆಚೆ, ಹಡಪ್ಸರದ ಹತ್ತಿರ ಸಾಸಾಣೆ ಮಳಾ ಎಂಬ ಕಡೆ ಬಯಲಿನಲ್ಲಿ ದವಾಖಾನೆ ಎದ್ದಿತು. ಊರೊಳಗಿನ ಕತ್ತಲೆ ಮನೆಗಿಂತ ಬಯಲಿನ ಗಾಳಿ ಬೆಳಕು ಮೇಲು ಅಂತ ಆಗ ನಂಬಿಕೆ. ನಮ್ಮ ಕಡೆಯ ಹಳ್ಳಿಯವರೂ ಪ್ಲೇಗು ಬಂದಾಗ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ಇದಕ್ಕೇ. ಇಲಿಯಿಂದ ದೂರ ಆದಂತಾಯಿತು, ಕಾರಣ ಗೊತ್ತಿಲ್ಲದಿದ್ದರೂ ಕೆಲಸ ಸರಿಯೇ.

ದವಾಖಾನೆಯಲ್ಲಿ ಕೊಡಲು ಇದ್ದದ್ದೇನು? ನೀರು, ಗಂಜಿ, ಒರೆಸುವ ಕೈ, ಪಕ್ಕದಲ್ಲಿ ಒಬ್ಬರು. ಅಷ್ಟೇ. ಆ ಜನವರಿಯಲ್ಲಿ ಹಾಫ್‌ಕಿನ್ ಸಾಹೇಬರು ಮುಂಬಯಿಯ ಭಾಯಖಳಾದಲ್ಲಿ ಹೊಸ ಲಸಿಕೆಯನ್ನು ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದರು. ಅದು ಕೇರಿಗೆ ಮುಟ್ಟುವ ಮಾತೆಲ್ಲಿ.

ಈ ದವಾಖಾನೆಗೆ ಯಾರು ಬರಬೇಕು ಅನ್ನೋದೇ ಮುಖ್ಯ. ಪ್ಲೇಗಿನ ಕಾಲದಲ್ಲಿ ಆಸ್ಪತ್ರೆಗಳೂ ಜಾತಿಗೊಂದು, ಮತಕ್ಕೊಂದು ಅಂತ ಎದ್ದವು. ಹಣ ಇದ್ದ ಜಾತಿಗೆ ಹಾಸಿಗೆ ಇತ್ತು. ಕೇರಿಯವರಿಗೆ ಏನಿತ್ತು? ಬಾವಿ ದೂರ, ಗುಡಿ ದೂರ, ವೈದ್ಯ ನಾಡಿ ಮುಟ್ಟೋದಿಲ್ಲ. ಪ್ಲೇಗು ಬಂದ ಮೇಲೆ ಪುಣೆಯ ದೊಡ್ಡ ಮನೆಗಳಲ್ಲೂ ಅಣ್ಣ ತಮ್ಮನನ್ನು ಮುಟ್ಟಲು ಹೆದರಿದ. ಹೆಣ ಎತ್ತಲು ನೆಂಟರಿಲ್ಲ. ಇಡೀ ಊರಿಗೆ ತಿಂಗಳೊಪ್ಪತ್ತಿನಲ್ಲಿ ಗೊತ್ತಾದ ಈ ಸಂಕಟ ಕೇರಿಯವರಿಗೆ ತಲೆತಲಾಂತರದ್ದು. ರೋಗ ಇಲ್ಲದಾಗಲೂ ಅವರನ್ನು ಯಾರೂ ಮುಟ್ಟುತ್ತಿರಲಿಲ್ಲ.

ಮುಂಡ್ವಾ ಎಂಬ ಹಳ್ಳಿ. ಅದರ ಹೊರಗೆ ಮಹಾರರ ಕೇರಿ. ಅಲ್ಲಿ ಬಾಬಾಜಿ ಗಾಯಕವಾಡರ ಮಗ ಪಾಂಡುರಂಗನಿಗೆ ಪ್ಲೇಗು ಅಂತ ಸಾವಿತ್ರಿಬಾಯಿಗೆ ತಿಳಿಯಿತು. ಆಕೆ ಆಳು ಕಳಿಸಲಿಲ್ಲ. ತಾವೇ ಹೋದರು. ಜ್ವರದ ಹುಡುಗನನ್ನು ಬೆನ್ನಿಗೆ ಹಾಕಿಕೊಂಡು ದವಾಖಾನೆಯವರೆಗೆ ನಡೆದರು. 66ರ ಮುದುಕಿ! ಮೂಟೆ ಹೊತ್ತವರಿಗೆ ಗೊತ್ತು, ಸತ್ತ ಭಾರಕ್ಕಿಂತ ಜ್ವರದಲ್ಲಿ ಜೋಲುವ ಮೈಯ ಭಾರ ಹೆಚ್ಚು.

ಹುಡುಗ ಉಳಿದುಕೊಂಡ ಅಂತ ಹೇಳ್ತಾರೆ. ಸಾವಿತ್ರಿಬಾಯಿ ಮಲಗಿದವರು ಏಳಲಿಲ್ಲ. ಮಾರ್ಚ್ 10ರ ರಾತ್ರಿ ಮುಗಿಯಿತು.

ಗಡ್ಡೆ ಪ್ಲೇಗು ಬರೀ ಮುಟ್ಟಿದ ಮಾತ್ರಕ್ಕೆ ಅಂಟುವ ರೋಗ ಅಲ್ಲ, ಮುಖ್ಯವಾಗಿ ಇಲಿಯ ಚಿಗಟ ಕಚ್ಚಿ ಬರುವ ರೋಗ ಅಂತ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ಕಂಡುಕೊಂಡದ್ದು ಮರುವರ್ಷ, 1898ರಲ್ಲಿ. ಅದನ್ನು ಒಪ್ಪಲು ಮಿಕ್ಕ ಪಂಡಿತರಿಗೆ ಇನ್ನೂ ಎಷ್ಟೋ ವರ್ಷ ಹಿಡಿಯಿತು. ಆಕೆಗೆ ತಗುಲಿದ್ದು ಬಟ್ಟೆಯ ಚಿಗಟದಿಂದಲೋ, ಕೆಮ್ಮಿನಿಂದಲೋ, ಈಗ ಹೇಳುವವರು ಯಾರು.

ಆಕೆ ಸತ್ತು ಮೂರು ದಿನಕ್ಕೆ, ಮಾರ್ಚ್ 13ರಂದು, ರ‍್ಯಾಂಡ್ ಸಾಹೇಬನ ಸೈನಿಕರು ಪುಣೆಯ ಮನೆಮನೆ ಶೋಧಕ್ಕೆ ಇಳಿದರು. ಅಡಿಗೆಮನೆ, ದೇವರ ಕೋಣೆಗೆ ಬೂಟುಗಾಲು ಹೋಯಿತು. ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ತಪಾಸಣೆ ಮಾಡಿದರು. ಊರು ಕುದಿಯಿತು, ಜೂನ್ 22ರಂದು ಚಾಪೇಕರ್ ಸಹೋದರರು ರ‍್ಯಾಂಡ್‌ಗೆ ಗುಂಡು ಹೊಡೆದರು. ಪುಣೆಯ ಪ್ಲೇಗು ಅಂದರೆ ಚರಿತ್ರೆಯವರು ಈ ಗುಂಡಿನ ಕಥೆಯನ್ನೇ ಪುಟಗಟ್ಟಲೆ ಬರೆದರು. ಆ ಜುಲುಮೆ ಸುಳ್ಳಲ್ಲ, ಆ ಸಿಟ್ಟೂ ಸುಳ್ಳಲ್ಲ. ಆದರೆ ದೇವರ ಕೋಣೆಯೇ ಇಲ್ಲದ ಗುಡಿಸಲಿನಲ್ಲಿ ಹಾಸಿಗೆ ಬಟ್ಟೆ ಸುಟ್ಟರೆ, ಕ್ಯಾಂಪಿಗೆ ಹಾಕಿ ಕೂಲಿ ತಪ್ಪಿಸಿದರೆ, ಅದನ್ನು ಪತ್ರಿಕೆಯಲ್ಲಿ ಬರೆಯುವವರು ಎಷ್ಟು ಜನ ಇದ್ದರು? ಮುಂಡ್ವಾದ ಕೇರಿಯಲ್ಲಿ ಪ್ಲೇಗಿಗೆ ಹೋದವರ ಹೆಸರು ಪಟ್ಟಿ ಮಾಡಿಟ್ಟವರಿಲ್ಲ. ಪಾಂಡುರಂಗನ ಹೆಸರು ಉಳಿದದ್ದು ಸಾವಿತ್ರಿಬಾಯಿ ಹೊತ್ತದ್ದರಿಂದ.

ರೋಗ ಪುಣೆಯಲ್ಲೇ ನಿಲ್ಲಲಿಲ್ಲ. ರೈಲು ಹಳಿ ಹಿಡಿದು ಹುಬ್ಬಳ್ಳಿಗೆ ಬಂತು. 1898ರ ಆಗಸ್ಟ್‌ಗೆ ಬೆಂಗಳೂರು. ಅಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿಗಳಿವೆ, ಸಿಟಿ ಬಸ್ಸಿನಲ್ಲಿ ಹೋಗುವವರು ಎಷ್ಟೋ ಮಂದಿ ಹೆಸರು ಓದಿಯೂ ಯಾಕೆ ಅಂತ ಕೇಳೋದಿಲ್ಲ. ದೇಶದಲ್ಲಿ ಒಟ್ಟು ಸತ್ತವರು ಒಂದು ಕೋಟಿಗೂ ಹೆಚ್ಚು.

ಯಶವಂತ ತಾಯಿಯ ಕೆಲಸ ಮುಗಿಸಿ ಮತ್ತೆ ಸೈನ್ಯದ ನೌಕರಿಗೆ ಹೋದ. 1905ರಲ್ಲಿ ಪುಣೆಯಲ್ಲಿ ಪ್ಲೇಗು ಮತ್ತೆ ಕಾಣಿಸಿಕೊಂಡಾಗ ಊರಿಗೆ ಬಂದು ರೋಗಿಗಳನ್ನು ನೋಡತೊಡಗಿದ. ಆ ವರ್ಷದ ಅಕ್ಟೋಬರ್‌ನಲ್ಲಿ ಅವನೂ ಪ್ಲೇಗಿನಿಂದಲೇ ತೀರಿಕೊಂಡ.